ಪಾಲಿನ ಬಲೆಯಿಂದ ಸ್ವಂತ ದೋಣಿಗೆ

ರಾಜ್ಯೋತ್ಸವ ಬಂತೆಂದರೆ ನಮ್ಮ ವೇದಿಕೆಗಳ ಮೇಲೆ ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದ ಅರಸರು ಒಬ್ಬೊಬ್ಬರಾಗಿ ಬಂದು ಹೋಗುವರು. ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ ನೆಲೆಸಿರುವ ನಮಗೆ ಈ ಸ್ಮರಣೆ ಇನ್ನೂ ಸುಲಭ. ವೇರೂಳಿನ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಕವಿರಾಜಮಾರ್ಗವು ಕನ್ನಡ ನಾಡಿಗೆ ಉತ್ತರದ ಎಲ್ಲೆಯೆಂದು ಹೇಳಿದ ಗೋದಾವರಿಯ ನೀರನ್ನೇ ನಾವು ದಿನವೂ ಕುಡಿಯುತ್ತಿದ್ದೇವೆ. ಇದು ನಮಗೆ ಹೆಮ್ಮೆಯ ಮಾತೇ ಸರಿ. ಆದರೆ ಅರಸರ ಮೆರವಣಿಗೆಯಲ್ಲಿ ನಾವು ಮರೆಯುವ ಒಂದು ಭಾಗವುಂಟು. ಅದು ನಮ್ಮ ಕಡಲು.

1956ರ ನವೆಂಬರ್ 1ರ ಮೊದಲು ಮೈಸೂರು ಸಂಸ್ಥಾನಕ್ಕೆ ಒಂದು ಅಡಿಯ ಕಡಲತೀರವೂ ಇರಲಿಲ್ಲವೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ದಕ್ಷಿಣ ಕನ್ನಡವು ಮದರಾಸು ರಾಜ್ಯದಿಂದಲೂ ಉತ್ತರ ಕನ್ನಡವು ಮುಂಬಯಿ ರಾಜ್ಯದಿಂದಲೂ ಬಂದು ಕೂಡಿದಾಗ, ಕನ್ನಡ ರಾಜ್ಯಕ್ಕೆ ಸುಮಾರು 300 ಕಿಲೋಮೀಟರು ಉದ್ದದ ಕರಾವಳಿ ದೊರೆಯಿತು. ಕಾಸರಗೋಡು ಮಾತ್ರ ಕೇರಳಕ್ಕೆ ಸೇರಿತು. ನಕಾಶೆಯ ಮೇಲೆ ಇದು ಒಂದು ಗೆರೆ. ತೀರದಲ್ಲಿ ಅದು ಸಾವಿರಾರು ಮನೆಗಳು, ಆ ಮನೆಗಳ ಬಲೆಗಳು, ಆ ಬಲೆಗಳ ಸಾಲಗಳು. ಆ ಮನೆಯವರು 'ಈ ದೋಣಿ ನಮ್ಮದು' ಎಂದು ಹೇಳುವಂತಾದುದು ಹೇಗೆ, ಹಾಗೆ ಹೇಳುವುದಕ್ಕೆ ಅವರು ತೆತ್ತ ಬೆಲೆಯೇನು ಎಂಬುದನ್ನು ಈ ಸಂಚಿಕೆಯಲ್ಲಿ ಬರೆಯಬೇಕೆಂದು ನಮಗೆ ತೋರಿತು. ನಮ್ಮ ನಡುವೆ ಕರಾವಳಿಯಿಂದ ಬಂದವರ ಸಂಖ್ಯೆ ಕಡಿಮೆಯದಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೂ, ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿದವರೂ, ವಾಳೂಜಿನ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರೂ ಕಡಲನ್ನು ಬೆನ್ನಿಗಿಟ್ಟುಕೊಂಡೇ ಘಟ್ಟ ಹತ್ತಿದವರು.

ದೋಣಿಯ ಮಾತಿಗೆ ನಮ್ಮ ಈಗಿನ ಊರುಗಳೂ ಹೊರತಲ್ಲ. ತ್ರ್ಯಂಬಕದಲ್ಲಿ ಹುಟ್ಟಿ ನಾಸಿಕವನ್ನು ಹಾಯ್ದು ಪೈಠಣಕ್ಕೆ ಹರಿಯುವ ಗೋದಾವರಿಯ ದಂಡೆಯಲ್ಲಿ ಶಾತವಾಹನರ ರಾಜಧಾನಿಯಾದ ಪ್ರತಿಷ್ಠಾನವಿತ್ತು. ಆ ವಂಶದ ಯಜ್ಞಶ್ರೀ ಶಾತಕರ್ಣಿಯ ನಾಣ್ಯಗಳ ಮೇಲೆ ಎರಡು ಕೂವೆಗಳ ಹಡಗಿನ ಚಿತ್ರವಿದೆ. ನಾಸಿಕದ ಪಾಂಡವಲೇಣಿಯ ಗುಹೆಗಳಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನಗಳಿವೆ. ಅವು ಎರಡನೆಯ ಶತಮಾನದ ಆದಿಭಾಗದವು. ತಾಪಿ, ದಮಣ, ಡಹಾಣು ಮೊದಲಾದ ನದಿಗಳಲ್ಲಿ ಜನರಿಗೆ ಶುಲ್ಕವಿಲ್ಲದ ದೋಣಿಯ ಕಡವುಗಳನ್ನು ಏರ್ಪಡಿಸಿದುದಾಗಿ ಒಂದರಲ್ಲಿ ಹೇಳಿದೆ. ಇನ್ನೊಂದರಲ್ಲಿ 3000 ಕಾರ್ಷಾಪಣಗಳನ್ನು ನೇಕಾರರ ಶ್ರೇಣಿಗಳಲ್ಲಿ ಠೇವಣಿಯಿಟ್ಟು, 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆಯೂ, 1000ಕ್ಕೆ ಮುಕ್ಕಾಲರಂತೆಯೂ ಬಡ್ಡಿ ಬರುವಂತೆ ಮಾಡಿ, ಆ ಬಡ್ಡಿಯಿಂದ ಗುಹೆಯ ಭಿಕ್ಷುಗಳ ಖರ್ಚನ್ನು ನಡೆಸಿದ ವಿವರವಿದೆ. ದೋಣಿ ಯಾರದು, ಬಂಡವಾಳ ಯಾರದು, ಬಡ್ಡಿ ಎಷ್ಟು ಎಂಬ ಮೂರು ಪ್ರಶ್ನೆಗಳು ಹೀಗೆ ನಮ್ಮ ಊರಿನ ಬಂಡೆಯ ಮೇಲೆಯೇ ಇವೆ. ಕರಾವಳಿಯ ಕಥೆಯೂ ಈ ಮೂರು ಪ್ರಶ್ನೆಗಳ ಕಥೆಯೇ.

ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ಒಂದೇ ಜಾತಿಯ ಕೆಲಸವಲ್ಲ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಗಾಬಿತರು, ಅಂಬಿಗರು, ಮೊಗೇರರು, ಮುಸಲ್ಮಾನ ಮೀನುಗಾರರು - ಇವರೆಲ್ಲರೂ ಕಡಲ ಮಕ್ಕಳೇ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಹೀಗೆ ಮನೆಮಾತು ಬೇರೆಯಾದರೂ ಗಾಳಿಯ ಭಾಷೆಯನ್ನು ಎಲ್ಲರೂ ಬಲ್ಲರು. ದೋಣಿಯವನಿಗೆ ಕನ್ನಡದಲ್ಲಿ ಹಿಂದಿನಿಂದಲೂ ಗೌರವದ ಸ್ಥಾನವಿದೆ. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರಿನಿಂದಲೇ ನಿಂತಿರುವನು. ಈ ಲೇಖನದಲ್ಲಿ ನಾವು ಹೆಚ್ಚಾಗಿ ಉಡುಪಿ, ಮಂಗಳೂರು ಕಡೆಯ ಮೊಗವೀರರ ಉದಾಹರಣೆಯನ್ನೇ ತೆಗೆದುಕೊಳ್ಳುವೆವು. ಏಕೆಂದರೆ ಮಹಾರಾಷ್ಟ್ರಕ್ಕೂ ಅವರಿಗೂ ಇರುವ ನಂಟು ಬಹಳ ಹಳೆಯದು.

ಹಿಂದೆ ಸಾಧಾರಣ ಮನೆಯೊಂದಕ್ಕೆ ಸ್ವಂತವಾಗಿ ಇರಬಹುದಾಗಿದ್ದುದು ಒಂದು ಪಾತಿ ದೋಣಿ. ದೊಡ್ಡ ಮಾವಿನ ಮರದಂಥ ಮರವನ್ನು ಕೊರೆದು, ಬೇಕಾದಲ್ಲಿ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಅದನ್ನು ಮಾಡುವರು. ಇಬ್ಬರು ಮೂವರು ಹುಟ್ಟು ಹಾಕಿ, ಕರೆ ಕಾಣುವಷ್ಟು ದೂರ ಹೋಗಿ, ಬೀಸುಬಲೆ ಕಂತಬಲೆಗಳಿಂದ ಹಿಡಿದು ತರುವರು. ಮಳೆಗಾಲದ ನಾಲ್ಕು ತಿಂಗಳು ದೋಣಿಯನ್ನು ತೆಂಗಿನ ಗರಿಯ ಮಾಡಿನ ಕೆಳಗೆ ಎಳೆದಿಡುವರು. ಆಗ ಮನೆಯ ಗಂಡಸರು ಬಲೆ ಹೆಣೆಯುವರು. ಒಲೆ ಮಾತ್ರ ಸಾಲದಿಂದ ಉರಿಯುವುದು. ನೂಲಿನ ಬಲೆಯನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸದಿದ್ದರೆ ಅದು ಬೇಗನೆ ಕೊಳೆಯುತ್ತಿತ್ತು. ಬಲೆಯನ್ನು ಕಾಪಾಡುವುದೇ ಅರ್ಧ ಸಂಸಾರ.

ಈ ಸಂಸಾರದ ಲೆಕ್ಕ ಹೆಂಗಸಿನ ಕೈಯಲ್ಲಿತ್ತು ಎಂಬುದು ಗಮನಿಸತಕ್ಕ ವಿಷಯ. ಗಂಡಸು ಮೀನನ್ನು ದಡಕ್ಕೆ ತರುವನು. ಅಲ್ಲಿಂದ ಮುಂದೆ ಅದು ಹೆಂಗಸಿನದು. ತಲೆಯ ಮೇಲೆ ಬುಟ್ಟಿ ಹೊತ್ತು ಹರದಾರಿಗಟ್ಟಲೆ ಒಳನಾಡಿಗೆ ನಡೆದು, ಮನೆಮನೆಗೆ ಮಾರಿ, ಅಕ್ಕಿಯನ್ನೋ ಕಾಸನ್ನೋ ಮಡಿಲಲ್ಲಿ ಕಟ್ಟಿಕೊಂಡು ಆಕೆ ಸಂಜೆಗೆ ತಿರುಗುವಳು. ಮೊಗವೀರರಲ್ಲಿ ನಡೆದುಬಂದ ಅಳಿಯಸಂತಾನದ ಕಟ್ಟಿನಲ್ಲಿ ಬಳಿಯೂ ಆಸ್ತಿಯೂ ತಾಯಿಯ ಕಡೆಯಿಂದಲೇ ಇಳಿಯುತ್ತಿದ್ದವು. ಸೋದರಮಾವ ದೋಣಿಯನ್ನು ನಡೆಸಿದರೂ ದೋಣಿಯ ಮನೆ ಅಕ್ಕತಂಗಿಯರದು. ಮುಂದೆ ಯಂತ್ರದ ದೋಣಿ ಕೊಳ್ಳುವ ಕಾಲ ಬಂದಾಗ ಮೊದಲ ಕಂತಿನ ಹಣ ಎಲ್ಲಿಂದ ಬಂತು ಎಂದು ಕೇಳಿದರೆ, ಬಹಳ ಮನೆಗಳಲ್ಲಿ ಉತ್ತರ ಈ ಬುಟ್ಟಿಯ ಕಡೆಗೇ ಬೆರಳು ಮಾಡುವುದು.

ಪಾತಿ ದೋಣಿ ಮನೆಯದಾದರೆ ರಂಪಣಿ ಊರಿನದು. ಗೋವೆಯ ಕಡೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ತೀರಕ್ಕೆ ಇಳಿದು ಬಂದ ಈ ಬಲೆಯನ್ನು ಕಣ್ಣಾರೆ ಕಂಡವರಿಗೆ ಅದರ ಗಾತ್ರವನ್ನು ಹೇಳಬೇಕಾಗಿಲ್ಲ; ಕಾಣದ ನಮ್ಮ ಮಕ್ಕಳಿಗೆ ಹೇಳಬೇಕು. ನೂರಾರು ತುಂಡುಗಳನ್ನು ಒಂದಕ್ಕೊಂದು ಜೋಡಿಸಿದ, ಒಂದು ಕಿಲೋಮೀಟರಿಗೂ ಮೀರಿ ಉದ್ದವಾಗಬಲ್ಲ ಬಲೆಯದು. ಮಳೆಗಾಲ ಕಳೆದು ಕಡಲು ಶಾಂತವಾದಾಗ, ಬಂಗುಡೆಯ ಹಿಂಡು ದಡದ ಹತ್ತಿರ ಬಂದುದನ್ನು ನೀರಿನ ಬಣ್ಣದಿಂದಲೂ ಹಕ್ಕಿಗಳ ಹಾರಾಟದಿಂದಲೂ ಅರಿತವನು ಕೂಗು ಹಾಕುವನು. ದೊಡ್ಡ ದೋಣಿಯೊಂದು ಬಲೆಯನ್ನು ಹೊತ್ತು ಹಿಂಡಿನ ಸುತ್ತ ಅರ್ಧಚಂದ್ರಾಕಾರವಾಗಿ ಇಳಿಸುತ್ತ ಬರುವುದು. ಆಮೇಲೆ ಎರಡು ತುದಿಗಳ ಹಗ್ಗವನ್ನು ಹಿಡಿದು ಅರುವತ್ತು, ಎಂಬತ್ತು, ಕೆಲವೊಮ್ಮೆ ನೂರು ಜನ ಮರಳಿನ ಮೇಲೆ ನಿಂತು ಎಳೆಯುವರು. ಮೀನು ಹೆಚ್ಚಾದರೆ ಬಲೆಯನ್ನು ನೀರಿನಲ್ಲಿಯೇ ಗೋಡೆಯಂತೆ ನಿಲ್ಲಿಸಿ, ಬೇಕಾದಷ್ಟನ್ನೇ ತೆಗೆಯುತ್ತ ದಿನಗಟ್ಟಲೆ ಕಾಯುವುದೂ ಉಂಟು.

ಇಷ್ಟು ದೊಡ್ಡ ಬಲೆಯನ್ನು ಒಬ್ಬನೇ ಮಾಡಿಸಲಾರ. ಆದುದರಿಂದ ಪ್ರತಿಯೊಂದು ಮನೆಯೂ ತನ್ನ ಪಾಲಿನ ತುಂಡನ್ನು ತಂದು ಜೋಡಿಸುತ್ತಿತ್ತು. ಬಂದ ಉತ್ಪತ್ತಿಯಲ್ಲಿ ಬಲೆಗೊಂದು ಪಾಲು, ದುಡಿದ ಮೈಗೊಂದು ಪಾಲು. ಊರಿನ ದೇವಸ್ಥಾನಕ್ಕೂ ಅದರಿಂದಲೇ ಕಾಣಿಕೆ. ಇದನ್ನು ರಾಮರಾಜ್ಯವೆಂದು ನಾವು ವರ್ಣಿಸಲಾರೆವು. ಅಲ್ಲಿಯೂ ಹೆಚ್ಚು ತುಂಡಿನವರು, ಕಡಿಮೆ ತುಂಡಿನವರು ಎಂಬ ಭೇದವಿತ್ತು, ಜಗಳಗಳಿದ್ದುವು. ಆದರೂ ಒಂದು ತುಂಡು ಬಲೆ ಇದ್ದವನು ಆಳಲ್ಲ, ಪಾಲುಗಾರ. ಮೀನು ಬಾರದ ವರ್ಷ ಎಲ್ಲರ ಮನೆಯಲ್ಲಿಯೂ ಗಂಜಿಯೇ. ಬಂದ ವರ್ಷ ಎಲ್ಲರ ಅಂಗಳದಲ್ಲಿಯೂ ಬಂಗುಡೆ. ನಷ್ಟವೂ ಲಾಭದಂತೆ ಹಂಚಿಕೆಯಾಗುತ್ತಿತ್ತು. ಸ್ವಂತ ದೋಣಿಯ ಕಥೆಯನ್ನು ತೂಗಿ ನೋಡುವಾಗ ಈ ಒಂದು ಮಾತನ್ನು ತಕ್ಕಡಿಯ ಮತ್ತೊಂದು ಬದಿಯಲ್ಲಿ ಇಡಲೇಬೇಕು.

ಹಿಡಿದ ಮೀನಿನ ಬೆಲೆ ಮಾತ್ರ ಹಿಡಿದವನ ಕೈಯಲ್ಲಿರಲಿಲ್ಲ. ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಬಂಗುಡೆ ಬೂತಾಯಿಗಳಿಗೆ ಉಪ್ಪೇ ಗತಿ. ಉಪ್ಪಿನ ಮೇಲೆ ಸರಕಾರದ ಸುಂಕವಿತ್ತು. ಅದಕ್ಕಾಗಿ ಮದರಾಸು ಸರಕಾರವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರಿಯಾಯಿತಿಯ ಉಪ್ಪು ದೊರೆಯುವ ಮೀನು ಉಪ್ಪಿಕ್ಕುವ ಯಾರ್ಡುಗಳನ್ನು ತೀರದುದ್ದಕ್ಕೂ ತೆರೆಯಿತು. 1907ರಲ್ಲಿ ಮದರಾಸಿನಲ್ಲಿ ಮೀನುಗಾರಿಕೆಯ ಇಲಾಖೆಗೆ ಅಡಿಪಾಯ ಹಾಕಿದ ಫ್ರೆಡರಿಕ್ ನಿಕಲ್ಸನ್ ಬೂತಾಯಿಯಿಂದ ಎಣ್ಣೆ ತೆಗೆಯುವ, ಉಳಿದ ಹಿಂಡಿಯನ್ನು ಗೊಬ್ಬರ ಮಾಡುವ ಉದ್ಯಮಕ್ಕೆ ಪ್ರೋತ್ಸಾಹ ಕೊಟ್ಟರು. ಆ ಗೊಬ್ಬರ ಘಟ್ಟದ ಮೇಲಿನ ತೋಟಗಳಿಗೂ ಹೋಗುತ್ತಿತ್ತು. ಆದರೆ ಬೂತಾಯಿ ಯಾರ ಅಪ್ಪಣೆಗೂ ಕಾಯುವ ಮೀನಲ್ಲ. 1940ರ ದಶಕದಲ್ಲಿ ಪಶ್ಚಿಮ ಕರಾವಳಿಯಿಂದ ಅದು ಬಹುಮಟ್ಟಿಗೆ ಮಾಯವಾಯಿತು. ಅಂಥ ವರ್ಷಗಳಲ್ಲಿ ಮನೆಯನ್ನು ಕಾದವನು ದಲ್ಲಾಳಿ. ಮಳೆಗಾಲದಲ್ಲಿ ಮುಂಗಡ ಕೊಡುವನು. ಬೇಸಗೆಯಲ್ಲಿ ತಾನು ಹೇಳಿದ ಬೆಲೆಗೆ ಮೀನು ಕೊಳ್ಳುವನು. ಅವನ ಪುಸ್ತಕದಲ್ಲಿ ಹೆಸರು ಬರೆಯಿಸಿದವನ ದೋಣಿ ಹೆಸರಿಗೆ ಮಾತ್ರ ಸ್ವಂತದ್ದು.

ಈ ಪುಸ್ತಕದಿಂದ ಹೆಸರು ಹೊಡೆಯಿಸಲು ಎಷ್ಟೋ ಮನೆಗಳು ಕಂಡ ದಾರಿ ಮುಂಬಯಿ. ಹಿರಿಯ ಮಗ ಕಡಲಿಗೆ, ಕಿರಿಯ ಮಗ ಮುಂಬಯಿಗೆ ಎಂಬುದು ಒಂದು ಪದ್ಧತಿಯೇ ಆಯಿತು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಗೋದಿಯಲ್ಲಿಯೂ ಕಚೇರಿಯಲ್ಲಿಯೂ ಕೆಲಸ ಹಿಡಿದ ಆ ತಲೆಮಾರಿನವರು ತಮ್ಮ ಸಂಘವನ್ನೂ ಬಹಳ ಬೇಗ ಕಟ್ಟಿಕೊಂಡರು. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾದುದು 1902ರಲ್ಲಿ. ಕರ್ನಾಟಕದ ಏಕೀಕರಣಕ್ಕಿಂತ 54 ವರ್ಷ ಮೊದಲು. ಅದರಿಂದ ಕನ್ನಡದಲ್ಲಿ 'ಮೊಗವೀರ' ಎಂಬ ಮಾಸಪತ್ರಿಕೆಯೂ ಹೊರಟಿತು. ಇಂದು ಹೊರನಾಡ ಕನ್ನಡ ಸಂಘಗಳನ್ನು ನಡೆಸುವ ನಮಗೆಲ್ಲ ಇವರು ಹಿರಿಯಣ್ಣಂದಿರು. ಮುಂಬಯಿಯಿಂದ ಹೋದ ಮನಿಯಾರ್ಡರಿನ ರೂಪಾಯಿಗಳು ಊರಿನಲ್ಲಿ ಅಕ್ಕಿಯಾದುವು, ಮದುವೆಯಾದುವು, ಹಂಚಿನ ಮಾಡಾದುವು; ಉಳಿದುವು ಬಲೆಯ ತುಂಡಾದುವು, ಮುಂದೆ ದೋಣಿಯ ಹಲಗೆಯೂ ಆದುವು.

ಸ್ವಾತಂತ್ರ್ಯ ಬಂದ ಮೇಲೆ ಯಂತ್ರದ ಕಾಲ ಬಂತು. 1952ರಲ್ಲಿ ಕೇರಳದ ನೀಂಡಕರೆಯಲ್ಲಿ ಭಾರತ-ನಾರ್ವೆ ಯೋಜನೆ ಆರಂಭವಾಯಿತು. 1960ರ ದಶಕದಲ್ಲಿ ಅದರ ಕೆಲಸ ನಮ್ಮ ಕಾರವಾರಕ್ಕೂ ಹಬ್ಬಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಿಂದ ದೋಣಿಗಳ ಯಾಂತ್ರೀಕರಣಕ್ಕೆ ಸರಕಾರ ಒತ್ತುಕೊಟ್ಟಿತು. ಮೀನುಗಾರರ ತರುಣರಿಗೆ ಎಂಜಿನು ನಡೆಸುವುದನ್ನೂ ಹೊಸ ಬಲೆಗಳನ್ನು ಬಳಸುವುದನ್ನೂ ಕಲಿಸುವ ತರಬೇತಿ ಕೇಂದ್ರಗಳು ತೆರೆದುವು. ಮೂವತ್ತು ಮೂವತ್ತೆರಡು ಅಡಿಯ, ಡೀಸೆಲ್ ಎಂಜಿನಿನ ಮರದ ದೋಣಿಗಳು ಮಂಗಳೂರು, ಮಲ್ಪೆಗಳಲ್ಲಿ ಕಾಣತೊಡಗಿದುವು. ಬೆಲೆಯಲ್ಲಿ ಒಂದು ಭಾಗವನ್ನು ಸಹಾಯಧನವಾಗಿಯೂ ಉಳಿದುದನ್ನು ಕಂತಿನ ಸಾಲವಾಗಿಯೂ ಕೊಡುವ ಏರ್ಪಾಡು ಆಯಿತು. ನೈಲಾನ್ ನೂಲು ಬಂದು ತೊಗಟೆಯ ಕಷಾಯದ ಹಂಡೆಯನ್ನು ಮೂಲೆಗೆ ಹಾಕಿತು. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಆರಂಭವಾಯಿತು. ಇಡೀ ದೇಶಕ್ಕೆ ಅದೇ ಮೊದಲನೆಯದು.

ಸಾಲ ಕೊಡಲು ಸರಕಾರವಿತ್ತು ಸರಿ, ತೀರಿಸಲು ಧೈರ್ಯ ಎಲ್ಲಿಂದ ಬಂತು? ಸಿಗಡಿಯಿಂದ. ಟ್ರಾಲ್ ಬಲೆಯೆಂಬುದು ಕಡಲ ತಳದಲ್ಲಿ ಎಳೆದುಕೊಂಡು ಹೋಗುವ ದೊಡ್ಡ ಚೀಲ. ತಳದ ಕೆಸರಿನಲ್ಲಿರುವ ಸಿಗಡಿ ಅದಕ್ಕೆ ಸಿಕ್ಕುವುದು. 1950ರ ದಶಕದಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿಯ ರಫ್ತು ಆರಂಭವಾಯಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಹೊರದೇಶಕ್ಕೆ ಮಾರುವವರಿಗೆ ಇನ್ನೂ ಅನುಕೂಲವಾಯಿತು. ಒಂದು ಕಾಲಕ್ಕೆ ಗೊಬ್ಬರದ ಗುಂಡಿಗೂ ಬೀಳುತ್ತಿದ್ದ ಸಣ್ಣ ಜೀವಿ ಬೆಳ್ಳಿಯ ಬೆಲೆಗೆ ಹೋಗತೊಡಗಿತು. ದಡದಲ್ಲಿ ಮಂಜುಗಡ್ಡೆಯ ಕಾರ್ಖಾನೆಗಳು ಎದ್ದುವು.

ಅಂಥ ಕಾಲದಲ್ಲಿ ಒಂದು ಮನೆ ಯಂತ್ರದೋಣಿ ಕೊಳ್ಳುವುದೆಂದರೆ ಏನೆಂಬುದನ್ನು ವಾಚಕರು ಸ್ವಲ್ಪ ಊಹಿಸಬೇಕು. ಸಾಲಕ್ಕೆ ಅರ್ಜಿ ಹಾಕಬೇಕು, ಜಾಮೀನಿಗೆ ಜನ ಬೇಕು, ಮನೆಯಡಿಯ ಪತ್ರ ಬೇಕು. ಅವಿಭಕ್ತ ಕುಟುಂಬವಾದರೆ ಎಲ್ಲರ ಸಹಿ ಬೇಕು. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ - ಇವುಗಳಿಂದ ಹಳೆಯ ಕುಟುಂಬಗಳು ಪಾಲಾಗತೊಡಗಿದ ಕಾಲವೂ ಯಂತ್ರದೋಣಿಯ ಕಾಲವೂ ಹೆಚ್ಚುಕಡಿಮೆ ಒಂದೇ. ದೊಡ್ಡ ಮನೆ ಒಡೆದು ಚಿಕ್ಕ ಮನೆಗಳಾದಾಗ ಚಿಕ್ಕ ಮನೆಯ ಹೆಗಲ ಮೇಲೆ ದೊಡ್ಡ ಸಾಲ ಬಂದು ಕುಳಿತಿತು. ಹೆಂಡತಿಯ ಬಳೆ, ತಂಗಿಯ ಸರ, ಮುಂಬಯಿಯ ತಮ್ಮನ ಉಳಿತಾಯ, ಮೀನಿನ ಬುಟ್ಟಿಯ ತಳದ ಚಿಲ್ಲರೆ ಇವೆಲ್ಲ ಸೇರಿ ಮೊದಲ ಕಂತು. ದೋಣಿಗೆ ದೇವರ ಹೆಸರನ್ನೋ ತಾಯಿಯ ಹೆಸರನ್ನೋ ಇಟ್ಟು, ತೆಂಗಿನಕಾಯಿ ಒಡೆದು ನೀರಿಗಿಳಿಸಿದ ದಿನ ಮನೆಯವರೆಲ್ಲ ದಡದಲ್ಲಿ ನಿಲ್ಲುವರು. ಆ ದಿನ ಆ ಮನೆ ಪಾಲುಗಾರರ ಸಾಲಿನಿಂದ ಒಡೆಯರ ಸಾಲಿಗೆ ಏರುವುದು. ಸಾಲಗಾರರ ಸಾಲಿಗೂ ಅದೇ ದಿನ ಸೇರುವುದು.

ಯಂತ್ರದೋಣಿಯ ಲೆಕ್ಕವೇ ಬೇರೆ. ಮೀನು ಹರಾಜಾದ ಹಣದಲ್ಲಿ ಮೊದಲು ಡೀಸೆಲ್, ಮಂಜುಗಡ್ಡೆ, ಊಟದ ಸಾಮಾನು, ದಲ್ಲಾಳಿಯ ಕಮಿಷನ್ ಕಳೆಯುವುದು. ಉಳಿದುದರಲ್ಲಿ ತಾಂಡೇಲನಿಗೂ ಕಲಾಸಿಗಳಿಗೂ ಒಂದು ಭಾಗ, ದೋಣಿಗೆ ಒಂದು ಭಾಗ. ಒಡೆಯನ ಭಾಗದಿಂದ ಬಲೆಯ ರಿಪೇರಿ, ಎಂಜಿನಿನ ರಿಪೇರಿ, ಬಡ್ಡಿ, ಕಂತು. ಕೊನೆಗೆ ಉಳಿದುದು ಸಂಸಾರಕ್ಕೆ. ಮೀನು ಸಿಕ್ಕದ ದಿನ ಕಲಾಸಿಗೆ ಪಾಲಿಲ್ಲ, ನಿಜ. ಆದರೆ ಆ ದಿನದ ಡೀಸೆಲಿನ ಸಾಲ ಒಡೆಯನೊಬ್ಬನದೇ. ರಂಪಣಿಯಲ್ಲಿ ನೂರು ಹೆಗಲುಗಳ ಮೇಲೆ ಹಂಚಿಹೋಗುತ್ತಿದ್ದ ನಷ್ಟ ಇಲ್ಲಿ ಒಂದು ಹೆಗಲಿಗೆ ಬಂದಿತು. ಹೀಗಿದ್ದೂ ಜನ ಹಿಂಜರಿಯಲಿಲ್ಲ. ತಮ್ಮ ಮಗ ಬೇರೆಯವರ ಹಗ್ಗ ಎಳೆಯಬಾರದು ಎಂಬ ಹಂಬಲವನ್ನು ಬಡ್ಡಿಯ ದರ ತಡೆಯಲಾರದು.

ರಂಪಣಿಗೆ ಕೊನೆಯ ಪೆಟ್ಟು ಬಿದ್ದುದು 1970ರ ದಶಕದ ಉತ್ತರಾರ್ಧದಲ್ಲಿ. 1975-76ರ ಸುಮಾರಿಗೆ ಪರ್ಸೀನ್ ಬಲೆ ನಮ್ಮ ಕರಾವಳಿಗೆ ಬಂದಿತು. ಹಣದ ಚೀಲದ ಬಾಯಿಯನ್ನು ದಾರದಿಂದ ಬಿಗಿಯುವಂತೆ, ಮೀನಿನ ಹಿಂಡನ್ನು ಸುತ್ತುವರಿದು ಬಲೆಯ ಕೆಳಗಿನ ಬಾಯಿಯನ್ನು ಹಗ್ಗದಿಂದ ಬಿಗಿಯುವ ಏರ್ಪಾಡು ಅದರದು. ರಂಪಣಿಯವರು ಹಿಂಡು ದಡಕ್ಕೆ ಬರುವ ತನಕ ಕಾಯಬೇಕು. ಪರ್ಸೀನಿನವರು ತಾವೇ ಹಿಂಡಿನ ಬಳಿಗೆ ಹೋಗುವರು. ಹೊರಗಡಲಲ್ಲಿ ಹಿಡಿದುಬಿಟ್ಟ ಬಂಗುಡೆ ದಡಕ್ಕೆ ಬರುವುದೆಂತು? ಕೆಲವೇ ವರ್ಷಗಳಲ್ಲಿ ಪರ್ಸೀನ್ ದೋಣಿಗಳು ನೂರಾರಾದುವು. ಶತಮಾನದ ರಂಪಣಿ ಬಲೆಗಳು ಚಪ್ಪರದಡಿಯಲ್ಲಿಯೇ ಜೀರ್ಣವಾದುವು. ತೀರದಲ್ಲಿ ಚಳವಳಿಗಳಾದುವು, ಹಳೆಯ ಮೀನುಗಾರರಿಗೂ ಹೊಸ ಒಡೆಯರಿಗೂ ಘರ್ಷಣೆಯಾಯಿತು. ಇದರ ದುಃಖವೆಂದರೆ ಎದುರುಬದುರು ನಿಂತವರು ಪರಕೀಯರಲ್ಲ; ಒಂದೇ ಊರಿನವರು, ಎಷ್ಟೋ ಸಲ ಒಂದೇ ಬಳಿಯವರು. ಕೆಲವೆಡೆ ರಂಪಣಿಯ ಕೂಟದವರೇ ಒಟ್ಟುಗೂಡಿ ಸಾಲ ಮಾಡಿ ಪರ್ಸೀನ್ ದೋಣಿಯನ್ನು ಕೊಂಡು ಹೊಸ ಕಾಲಕ್ಕೆ ಹೊಂದಿಕೊಂಡರು. ಪಾಲಿನ ಹಳೆಯ ಬುದ್ಧಿ ಹೊಸ ದೋಣಿಯಲ್ಲಿಯೂ ಬದುಕಬಲ್ಲುದೆಂಬುದಕ್ಕೆ ಇದೇ ಸಾಕ್ಷಿ. ಈ ಗಲಭೆಗಳೆಲ್ಲ ಕಳೆದ ಮೇಲೆ, ಯಾರು ಎಲ್ಲಿ ಯಾವ ಬಲೆಯಿಂದ ಹಿಡಿಯಬೇಕೆಂಬುದನ್ನು ನಿಯಂತ್ರಿಸಲು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದಿತು.

ಇಂದಿನ ಮಲ್ಪೆಯ ಬಂದರಿನಲ್ಲಿ ನಿಂತು ನೋಡಿದರೆ ಮೂವತ್ತೆರಡು ಅಡಿಯ ಆ ಮೊದಲ ದೋಣಿಗಳು ಆಟಿಕೆಗಳಂತೆ ತೋರಿಯಾವು. ಈಗಿನ ಆಳಸಮುದ್ರದ ದೋಣಿಗಳು ಹತ್ತು ಹನ್ನೆರಡು ದಿನಕ್ಕೆ ಬೇಕಾದ ಮಂಜುಗಡ್ಡೆ ಡೀಸೆಲ್‌ಗಳನ್ನು ತುಂಬಿಕೊಂಡು, ಗೋವೆ ಮಹಾರಾಷ್ಟ್ರಗಳ ಆಚೆಯ ನೀರಿನವರೆಗೂ ಹೋಗಿ ಬರುವುವು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರ ಆಳಸಮುದ್ರದ ದೋಣಿಗೆ ಎಣಿಸಿದ ಘಟಕ ವೆಚ್ಚ 120 ಲಕ್ಷ ರೂಪಾಯಿ. ಸಾಮಾನ್ಯ ವರ್ಗದವರಿಗೆ ಅದರಲ್ಲಿ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಶೇಕಡಾ 60 ಸಹಾಯಧನ. ತಾಯಿಯ ಕಡೆಯಿಂದ ಆಸ್ತಿ ಇಳಿಯುತ್ತಿದ್ದ ತೀರದಲ್ಲಿ ಹೆಂಗಸಿನ ಹೆಸರಿಗೆ ದೋಣಿಯಾಗುವುದು ಹೊಸತಲ್ಲ. ಸರಕಾರದ ಕಾಗದಕ್ಕೆ ಅದು ಹೊಸತು. ಉಳಿದ ಹಣ ಮಾತ್ರ ಎಂದಿನಂತೆ ಸಾಲವೇ.

ಒಡೆಯನಾದವನ ಚಿಂತೆಗಳೂ ದೋಣಿಯೊಡನೆ ಬೆಳೆದಿವೆ. ಮೀನು ಮರಿಯಿಡುವ ಕಾಲವೆಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದೋಣಿಗಳು ಹೊರಡುವಂತಿಲ್ಲ. ಬಡ್ಡಿಗೆ ಅಂಥ ರಜೆಯಿಲ್ಲ. ಪ್ರಖರ ದೀಪ ಹೊತ್ತಿಸಿ ಮೀನನ್ನು ಸೆಳೆದು ಹಿಡಿಯುವುದನ್ನು 2017ರಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಆದರೂ ಆ ವಿಷಯದ ತಕರಾರುಗಳು ನಿಂತಿಲ್ಲ. ದೊಡ್ಡ ದೋಣಿಯವರ ಮೇಲೆ ನಾಡದೋಣಿಯವರ ದೂರು ಹಿಂದೆ ಪರ್ಸೀನಿನ ಮೇಲೆ ರಂಪಣಿಯವರು ಹೇಳಿದ ದೂರಿನಂತೆಯೇ ಇದೆ. ಇನ್ನೊಂದು ಮಾತು ನಮ್ಮಂಥ ವಲಸಿಗರ ಮನಸ್ಸಿಗೆ ನಾಟುವಂಥದು. ಮಲ್ಪೆ ಮಂಗಳೂರುಗಳ ದೋಣಿಗಳಲ್ಲಿ ಇಂದು ದುಡಿಯುವ ಕಲಾಸಿಗಳಲ್ಲಿ ಆಂಧ್ರ, ಒಡಿಶಾ, ಝಾರ್ಖಂಡಗಳಿಂದ ಬಂದವರು ಬಹಳ ಮಂದಿ. ನಮ್ಮ ಹುಡುಗರು ಕಡಲು ಬಿಟ್ಟು ಘಟ್ಟದ ಮೇಲಿನ ನಗರಗಳಿಗೆ ಬಂದರು. ಅವರು ಬಿಟ್ಟ ಜಾಗಕ್ಕೆ ಇನ್ನಾರದೋ ಮನೆಯ ಹುಡುಗರು ಬಂದರು. ಆ ಹುಡುಗರ ಮನೆಗಳಲ್ಲಿಯೂ ಹಣದ ದಾರಿ ಕಾಯುವ ತಾಯಂದಿರಿದ್ದಾರೆ.

ಕಡಲು ಕೇಳುವ ಬೆಲೆ ಹಣವೊಂದೇ ಅಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿ ಎರಡು ಮೂರು ದಿನಗಳಲ್ಲಿಯೇ ಸಂಪರ್ಕ ಕಳೆದುಕೊಂಡಿತು. ಅದರಲ್ಲಿ 7 ಮಂದಿ ಇದ್ದರು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ದೋಣಿಯ ಒಡೆಯರು ಬೇರೆಯವರನ್ನು ಕಳುಹಿಸಿ ತಾವು ದಡದಲ್ಲಿ ಕುಳಿತವರಲ್ಲ. ಆ ಏಳರಲ್ಲಿ ಅವರೂ ಒಬ್ಬರು. ತಿಂಗಳುಗಟ್ಟಲೆ ಮನೆಯವರು ಕಾದರು. 2019ರ ಮೇ ತಿಂಗಳಿನಲ್ಲಿ ನೌಕಾದಳದ 'ನಿರೀಕ್ಷಕ್' ಎಂಬ ಹಡಗು ಮಹಾರಾಷ್ಟ್ರದ ಮಾಳವಣದ ಕಡೆಯ ಕಡಲ ತಳದಲ್ಲಿ ದೋಣಿಯ ಅವಶೇಷವನ್ನು ಪತ್ತೆಮಾಡಿತು. ನಾವಿರುವ ರಾಜ್ಯದ ಕಡಲೇ ಅವರಿಗೆ ಕೊನೆಯ ನೆಲೆಯಾಯಿತು. ಸ್ವಂತ ದೋಣಿಯ ಕಥೆಯನ್ನು ಗೆಲುವಿನ ಕಥೆಯಾಗಿಯೇ ಹೇಳಿ ಮುಗಿಸಲು ಯಾರ ಮನಸ್ಸು ಒಪ್ಪೀತು?

ಹಾಗಾದರೆ ಸ್ವಂತ ದೋಣಿಯಿಂದ ಸ್ವಾತಂತ್ರ್ಯ ಬಂತೋ, ಬಂಧನ ಬಂತೋ? ಎರಡೂ ಬಂದುವೆಂದೇ ನಮ್ಮ ಉತ್ತರ. ದಲ್ಲಾಳಿಯ ಪುಸ್ತಕದಿಂದ ಹೊರಬಂದ ಹೆಸರು ಬ್ಯಾಂಕಿನ ಪುಸ್ತಕಕ್ಕೆ ಹೋಯಿತು. ಆದರೆ ಬ್ಯಾಂಕಿನ ಪುಸ್ತಕದಲ್ಲಿ ಬರೆದುದನ್ನು ಓದಿ ನೋಡಬಹುದು, ಪ್ರಶ್ನಿಸಬಹುದು. ಮೀನನ್ನು ಕೇಳಿದವನಿಗೆ ಮಾರಬಹುದು. ಆ ದೋಣಿಗಳ ಆದಾಯದಿಂದಲೇ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು, ಎಂಜಿನಿಯರುಗಳಾದರು, ವೈದ್ಯರಾದರು. ಅವರಲ್ಲಿ ಕೆಲವರು ಇಂದು ನಮ್ಮ ಸಂಘಗಳ ಸದಸ್ಯರು. ಕಳೆದುಕೊಂಡುದು ಒಂದೇ: ನಷ್ಟವನ್ನೂ ಹಂಚಿಕೊಳ್ಳುವ ರಂಪಣಿಯ ಕಟ್ಟು. ಸಹಕಾರ ಸಂಘಗಳೂ ವಿಮೆಯೂ ಆ ಕಟ್ಟಿನ ಜಾಗವನ್ನು ಎಷ್ಟರಮಟ್ಟಿಗೆ ತುಂಬುವುವೋ ಅಷ್ಟರಮಟ್ಟಿಗೆ ಸ್ವಂತ ದೋಣಿ ನಿಜವಾಗಿ ಸ್ವಂತವಾಗುವುದು.

ಈ ಮಾತು ಗೋದಾವರಿಯ ದಂಡೆಗೂ ಸಲ್ಲುತ್ತದೆ. 1965ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟು, 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಜಾಯಕವಾಡಿ ಅಣೆಕಟ್ಟಿನಿಂದ ಪೈಠಣದಲ್ಲಿ ನಾಥಸಾಗರವೆಂಬ ವಿಸ್ತಾರವಾದ ಜಲಾಶಯವಾಯಿತು. ಅದರಲ್ಲಿ ಭೋಯಿ ಮೊದಲಾದ ಸಮುದಾಯದವರು ಸಣ್ಣ ತೆಪ್ಪಗಳಲ್ಲಿ ಕುಳಿತು ರೋಹು, ಕಟ್ಲಾ ಮೀನುಗಳನ್ನು ಹಿಡಿಯುವರು. ಅವರ ಮನೆಯಲ್ಲಿಯೂ ಒಳ್ಳೆಯ ದೋಣಿ, ಒಳ್ಳೆಯ ಬಲೆ, ದಲ್ಲಾಳಿಯ ಮುಂಗಡ ಎಂಬ ಮಾತುಗಳೇ ನಡೆಯುವುವು. ಶ್ರಾವಣದ ಹುಣ್ಣಿಮೆಯನ್ನು ಇಲ್ಲಿಯವರು ನಾರಳಿ ಪೂರ್ಣಿಮೆಯೆನ್ನುವರು. ನಮ್ಮ ಕರಾವಳಿಯವರು ನೂಲ ಹುಣ್ಣಿಮೆಯೆನ್ನುವರು. ಕೊಂಕಣದ ಕೋಳಿಗಳೂ ನಮ್ಮ ಮೊಗವೀರರೂ ಆ ಹೊತ್ತಿನಲ್ಲಿ ಒಂದೇ ಅರಬ್ಬೀ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ಹೋದವರು ಹಿಂತಿರುಗಲಿ ಎಂದು ಬೇಡುವರು. ಭಾಷೆ ಎರಡು, ಪ್ರಾರ್ಥನೆ ಒಂದು.

ನಮ್ಮ ಸದಸ್ಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಹಿರಿಯರಲ್ಲಿ ರಂಪಣಿಯ ಹಗ್ಗ ಎಳೆದವರು, ಮೀನಿನ ಬುಟ್ಟಿ ಹೊತ್ತವರು, ಮೊದಲ ಎಂಜಿನಿನ ಸದ್ದು ಕೇಳಿದವರು ಇದ್ದರೆ ಅವರ ಬಳಿ ಕುಳಿತು ಕೇಳಿರಿ. ದೋಣಿಯ ಹೆಸರೇನು, ಎಷ್ಟಕ್ಕೆ ಕೊಂಡರು, ಯಾರ ಬಳೆ ಒತ್ತೆಯಾಯಿತು, ಕೊನೆಯ ಕಂತು ಎಂದು ತೀರಿತು ಎಂಬುದನ್ನು ಕನ್ನಡದಲ್ಲಿ ಬರೆದಿಡಿರಿ. ಅರಸರ ಚರಿತ್ರೆಯನ್ನು ಕಲ್ಲುಗಳು ಕಾಪಾಡಿವೆ. ಈ ಚರಿತ್ರೆಗೆ ಅಂಥ ಕಲ್ಲಿಲ್ಲ, ಮನುಷ್ಯರ ನೆನಪೇ ಇರುವುದು. ಅದು ಮಾಸುವ ಮೊದಲೇ ಬರೆದಿಟ್ಟರೆ, ನಾಸಿಕದಲ್ಲಿಯೋ ಸಂಭಾಜಿನಗರದಲ್ಲಿಯೋ ಹುಟ್ಟಿದ ನಮ್ಮ ಮೊಮ್ಮಕ್ಕಳಿಗೂ ಕನ್ನಡ ನಾಡಿಗೆ ಒಂದು ಕಡಲುಂಟೆಂಬುದು, ಆ ಕಡಲಿನ ಅನ್ನದ ಋಣ ತಮ್ಮ ಮೇಲಿದೆಯೆಂಬುದು ತಿಳಿದಿರುವುದು. ಕಡಲಿಗೆ ಹೋದ ದೋಣಿಗಳೆಲ್ಲ ಕ್ಷೇಮವಾಗಿ ದಡ ಸೇರಲಿ.